ನಾದಿನಿಯ ಪುಸ್ತಕದ ಬೋರಲು ಲೋಟ

ಮಕ್ಕಳೇ, ಹೋದ ತಿಂಗಳು ನಿಮ್ಮಿಬ್ಬರಲ್ಲಿ ದೊಡ್ಡವಳಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು. ಮನೆತನದ ಹಿರಿಯ ಹೆಂಗಸೊಬ್ಬಳ ಬಗ್ಗೆ ನಾಲ್ಕು ಪುಟ ಬರೆಯಬೇಕು, ಫೋಟೋ ಅಂಟಿಸಬೇಕು. ಅವಳು ಆಲ್ಬಮ್ ಹಿಡಿದುಕೊಂಡು ನನ್ನ ಮಂಚದ ಮೇಲೆ ಬಂದು ಕೂತಾಗ ನನ್ನ ಕೈ ತಾನಾಗಿಯೇ ಸೆರಗು ಸರಿಪಡಿಸಿಕೊಂಡಿತು.

"ಅಜ್ಜಿ, ಪ್ರೊಫೆಸರ್ ಅಜ್ಜಿದು ಯಂಗ್ ಇದ್ದಾಗಿನ ಫೋಟೋ ಯಾವುದು?" ಎಂದಳು.

"ಆಕಿ ಬಗ್ಗೆ ಬರೀತೀ ಏನು?"

"ಹಾಂ. ಅವಳು ಫೇಮಸ್ ಅಲ್ವಾ. ನಿನ್ನ ಬಗ್ಗೆ ನೆಕ್ಸ್ಟ್ ಇಯರ್, ಪಕ್ಕಾ."

ನಾನು ಫೋಟೋ ಹುಡುಕಿ ಕೊಟ್ಟೆ. ಪ್ರೊಫೆಸರ್ ಅಜ್ಜಿ, ಅಂದರೆ ನನ್ನ ನಾದಿನಿ, ಎಲ್ಲಿ ಓದಿದಳು, ಯಾವಾಗ ಡಾಕ್ಟರೇಟ್ ಬಂತು, ಯಾವ ಯಾವ ದೇಶಕ್ಕೆ ಹೋದಳು ಎಲ್ಲವನ್ನೂ ಹೇಳಿದೆ. ನನಗೆ ಎಲ್ಲವೂ ನೆನಪಿದೆ. ಒಂದನ್ನು ಮಾತ್ರ ಹೇಳಲಿಲ್ಲ. ಅವಳ ಪುಸ್ತಕದಲ್ಲಿ ಎಲ್ಲರೂ ಹೊಗಳುವ ಒಂದು ಅಧ್ಯಾಯವಿದೆ, ಬೋರಲು ಹಾಕಿದ ಲೋಟದ ಬಗ್ಗೆ. ಪ್ರಾಜೆಕ್ಟಿನ ಮೂರನೆಯ ಪುಟದಲ್ಲಿ ದೊಡ್ಡವಳು ಆ ಲೋಟದ ಚಿತ್ರವನ್ನೂ ಬರೆದಳು, ಬಣ್ಣ ತುಂಬಿದಳು. ಆ ಲೋಟದ ಸಂಗತಿ ಒಂದು ಸುಳ್ಳು. ಆ ಸುಳ್ಳು ಹೇಳಿದವಳು ನಾನು. ಹೊಟ್ಟೆಕಿಚ್ಚಿನಿಂದ ಹೇಳಿದೆ.

ಬಾಯಿಂದ ಹೇಳಲು ನನಗೆ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಓದುವುದು ಕಷ್ಟವೆಂದು ಗೊತ್ತು. ಅಕ್ಷರಕ್ಕೆ ಅಕ್ಷರ ಕೂಡಿಸಿಯಾದರೂ ನೀವೇ ಓದಿರಿ. ನಿಮ್ಮ ಅಪ್ಪನಿಂದ ಓದಿಸಿದರೆ ಅವನು ನಡುನಡುವೆ ಮಾತು ಬಿಟ್ಟು ಬಿಟ್ಟು ಓದುತ್ತಾನೆ.

ನಾನು ವಿಜಯಪುರದ ಕಡೆಯ ಹಳ್ಳಿಯವಳು. ಏಳನೆಯ ಇಯತ್ತೆಯವರೆಗೆ ಊರ ಶಾಲೆಯಲ್ಲಿ ಓದಿದೆ. ನಮಗೆ ಪುಸ್ತಕ ಇಬ್ಬರಿಗೆ ಒಂದು ಬರುತ್ತಿತ್ತು. ಅದಕ್ಕೆ ಮಾಸ್ತರರು ಇಡೀ ಪಾಠವನ್ನೇ ಬಾಯಿಪಾಠ ಮಾಡಿಸುತ್ತಿದ್ದರು. ಒಮ್ಮೆ ಅವರು ಓದಿದ್ದನ್ನು ಒಂದು ಮಾತೂ ಬಿಡದೆ ತಿರುಗಿ ಹೇಳಬೇಕು. ನಾನು ಹೇಳುತ್ತಿದ್ದೆ, ಆದರೆ ಗೋಡೆಯ ಕಡೆ ಮುಖ ಮಾಡಿಕೊಂಡು. ಎದುರಿಗೆ ಜನ ಇದ್ದರೆ ನನಗೆ ಬಾಯಿ ಏಳುತ್ತಿರಲಿಲ್ಲ. ಮಾಸ್ತರರು ಒಳ್ಳೆಯವರು, ಗೋಡೆಗೆ ಹೇಳಿದರೂ ನಡೆಯುತ್ತದೆ ಎನ್ನುತ್ತಿದ್ದರು.

ಮದುವೆಯಾಗಿ ಮುಂಬಯಿಯ ಚೆಂಬೂರಿಗೆ ಬಂದೆ. ನಿಮ್ಮ ಅಜ್ಜ ರಿಫೈನರಿಯಲ್ಲಿ ಕೆಲಸಕ್ಕಿದ್ದರು. ಎರಡು ಖೋಲಿಯ ಮನೆ. ಮನೆಯಲ್ಲಿ ಅವರ ತಂಗಿ ಇದ್ದಳು. ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದಳು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಅತ್ತೆ ಮಾವ ಇರಲಿಲ್ಲ, ಆದ್ದರಿಂದ ನಿಮ್ಮ ಅಜ್ಜನೇ ಅವಳಿಗೆ ಅಪ್ಪನೂ ಅವ್ವನೂ. ಇದನ್ನು ನಾನು ಆಗ ಹಾಗೆ ತಿಳಿದುಕೊಳ್ಳಲಿಲ್ಲ. ನನಗೆ ಕಂಡದ್ದು ಬೇರೆ. ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನಿನ ಮುಖ ಯಾವಾಗಲೂ ಅವಳು ಓದುವ ಮೂಲೆಯ ಕಡೆಗೆ ಇರುತ್ತಿತ್ತು. ನಿಮ್ಮ ಅಜ್ಜ ಡ್ಯೂಟಿಯಿಂದ ಬಂದು ಕೈಕಾಲು ತೊಳೆದು, ದಾಡಿಯ ಹಳೆಯ ಬ್ಲೇಡಿನಿಂದ ಅವಳ ಪೆನ್ಸಿಲುಗಳನ್ನು ಚೂಪು ಮಾಡಿ ಸಾಲಾಗಿ ಇಡುತ್ತಿದ್ದರು. ಅವಳಿಗೆ ಕಿತ್ತಳೆ ಹಣ್ಣಿನ ತೊಳೆಯ ಮೇಲಿನ ಬಿಳಿ ನಾರು ಸೇರುವುದಿಲ್ಲವೆಂದು ಅದನ್ನೂ ಬಿಡಿಸಿ ಕೊಡುತ್ತಿದ್ದರು. ನನಗೆ ಯಾವ ಹಣ್ಣಿನ ಏನು ಸೇರುವುದಿಲ್ಲ ಎಂದು ಅವರು ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.

ಎಂ.ಎ. ಮುಗಿಸಿದ ಮೇಲೆ ಅವಳು ಸಂಶೋಧನೆಗೆ ಸೇರಿದಳು. ವಿಷಯ, ಹೊಸ ಪಂಥಗಳು. ಈ ಊರಿನಲ್ಲಿ ಗುಡಿ, ಮಠ, ಪುರೋಹಿತರು ಎಲ್ಲ ಇದ್ದರೂ ಜನ ಯಾವುದೋ ಫ್ಲ್ಯಾಟಿನಲ್ಲಿ, ಯಾವುದೋ ಗ್ಯಾರೇಜಿನಲ್ಲಿ ಕೂಡಿಕೊಂಡು ಹೊಸ ದೇವರನ್ನು, ಹೊಸ ಪೂಜೆಯನ್ನು ಯಾಕೆ ಕಟ್ಟಿಕೊಳ್ಳುತ್ತಾರೆ ಎಂದು ನೋಡುವುದು. ನಾನು ಕೇಳಿದಾಗ ನಿಮ್ಮ ಅಜ್ಜ ನಕ್ಕರು.

"ಮಂದಿ ದೇವ್ರನ್ನ ಹೆಂಗ ನೋಡ್ತಾರ ಅಂತ ಆಕಿ ನೋಡ್ತಾಳ. ನಿನಗ ತಿಳಿಯಂಗಿಲ್ಲ ಬಿಡು."

ತಿಳಿಯಿತು. ಅವರು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ತಿಳಿಯಿತು.

ಆ ಸಭೆಗಳಿಗೆ ಮದುವೆಯಾಗದ ಹುಡುಗಿ ಒಬ್ಬಳೇ ನೋಟ್‌ಬುಕ್ ಹಿಡಿದು ಹೋದರೆ ಹೆಂಗಸರು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಪೇಪರಿನವಳೋ ಸರಕಾರದವಳೋ ಎಂದು ಹೆದರಿಕೆ. ಒಮ್ಮೆ ಅವಳು ನನ್ನನ್ನು ಜೊತೆಗೆ ಕರೆದೊಯ್ದಳು. ನಾನು ಹಣೆ ತುಂಬ ಕುಂಕುಮ, ಕೈತುಂಬ ಹಸಿರು ಬಳೆ, ಮೂಲೆಯಲ್ಲಿ ತಲೆ ತಗ್ಗಿಸಿ ಕೂತೆ. ಅಷ್ಟೇ ಸಾಕಾಯಿತು. ನಾಚಿಕೆಯವಳ ಹತ್ತಿರ ಜನ ಎಲ್ಲವನ್ನೂ ಹೇಳುತ್ತಾರೆ. ಗಂಡನ ಕುಡಿತ, ಮಗಳು ಓಡಿಹೋದದ್ದು, ಆ ಸ್ವಾಮಿಯ ಕಾಲು ಹಿಡಿದ ದಿನ ಬಂದ ಕನಸು. ನಾನು ಕೇಳಿಸಿಕೊಂಡು ಬರುತ್ತಿದ್ದೆ. ವಾಪಸು ಬರುವಾಗ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ, ಕೇಳಿದ್ದನ್ನೆಲ್ಲ ಒಂದು ಮಾತೂ ಬಿಡದೆ ಹೇಳುತ್ತಿದ್ದೆ. ಅವಳು ಬರೆದುಕೊಳ್ಳುತ್ತಿದ್ದಳು. ಗಾಡಿ ಅಲುಗಾಡಿದರೂ ಅವಳ ಅಕ್ಷರ ಅಲುಗಾಡುತ್ತಿರಲಿಲ್ಲ.

"ವೈನಿ, ನೀವು ಟೇಪ್ ರೆಕಾರ್ಡರ್ ಇದ್ದಂಗ ಅದೀರಿ" ಎನ್ನುತ್ತಿದ್ದಳು. ನಮ್ಮ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ.

ಆ ದಿನಗಳು ನನಗೆ ಸುಖದ ದಿನಗಳು ಎಂದು ಹೇಳದಿದ್ದರೆ ಅದೂ ಸುಳ್ಳಾಗುತ್ತದೆ. ಒಂದು ಕಡೆ ದೇವರ ಜಾಗದಲ್ಲಿ ಖಾಲಿ ಕುರ್ಚಿ ಇಟ್ಟಿದ್ದರು, ಅದಕ್ಕೆ ಶಾಲು ಹೊದಿಸಿದ್ದರು. ಇನ್ನೊಂದು ಕಡೆ ಎಲ್ಲರೂ ಒಟ್ಟಿಗೆ ನಗಬೇಕು, ನಗು ಬಾರದವರು ಪಾಪಿಗಳು. ಅಲ್ಲಿಂದ ಹೊರಗೆ ಬಂದ ಮೇಲೆ ನಮಗಿಬ್ಬರಿಗೂ ನಿಜವಾದ ನಗು ಬಂದು ಪ್ಲ್ಯಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತುಬಿಟ್ಟಿದ್ದೆವು. ಒಂದು ಗಾಡಿ ಹೋಯಿತು, ಇನ್ನೊಂದೂ ಹೋಯಿತು.

ಡಾಕ್ಟರೇಟ್ ಬಂತು. ಅವಳಿಗೆ ಕಾಲೇಜಿನಲ್ಲಿ ನೌಕರಿಯೂ ಆಯಿತು. ಕೆಲವು ವರ್ಷಗಳ ಮೇಲೆ ಆ ಸಂಶೋಧನೆ ಇಂಗ್ಲಿಷಿನಲ್ಲಿ ಪುಸ್ತಕವಾಯಿತು. ಪುಸ್ತಕ ಬಂದ ದಿನ ನಿಮ್ಮ ಅಜ್ಜ ಪೇಢಾ ತಂದು ಅಕ್ಕಪಕ್ಕದವರಿಗೆಲ್ಲ ಹಂಚಿದರು. ಮೊದಲ ಪುಟಗಳಲ್ಲಿ ಉಪಕಾರ ನೆನೆಯುವ ಒಂದು ಪುಟವಿತ್ತು. ಅದನ್ನು ಗಟ್ಟಿಯಾಗಿ ಓದಿ, ನನಗಾಗಿ ಕನ್ನಡದಲ್ಲಿ ಹೇಳಿದರು. ತನ್ನ ಅಣ್ಣನಿಲ್ಲದಿದ್ದರೆ ಈ ಪುಸ್ತಕದ ಒಂದು ಸಾಲೂ ಹುಟ್ಟುತ್ತಿರಲಿಲ್ಲ ಎಂದು ಮೊದಲು. ಆಮೇಲೆ ಪ್ರೊಫೆಸರರು, ಗೆಳತಿಯರು, ಲೈಬ್ರರಿಯವರು. ಕೊನೆಗೆ ನಾನು.

"ನೋಡು, ನಿನ್ನ ಹೆಸರೂ ಹಾಕ್ಯಾಳ. ದಣಿವಿಲ್ಲದೆ ಚಾ ಮಾಡಿಕೊಟ್ಟ ನನ್ನ ವೈನಿಗೆ, ಅಂತ ಬರದಾಳ."

ನಾದಿನಿ ನನ್ನ ಮುಖ ನೋಡಿ ನಗುತ್ತಿದ್ದಳು. ನನಗೆ ಸಂತೋಷವಾಗಿದೆ ಎಂದು ತಿಳಿದಿದ್ದಳು. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಮರುದಿನವೇ ಅವಳು ಹೊಸ ಕೆಲಸ ಶುರುಮಾಡಿದಳು. ಮುಲುಂಡ್‌ನಲ್ಲಿ ಒಂದು ಹೊಸ ಸಭೆ ಹುಟ್ಟಿದೆಯೆಂದು ಯಾರೋ ಹೇಳಿದ್ದರು. ಮುನಸಿಪಾಲ್ಟಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದ ಒಬ್ಬ ಮರಾಠಿ ಹೆಂಗಸು ಅದನ್ನು ನಡೆಸುತ್ತಿದ್ದಳು. ಎಲ್ಲರೂ ಆಕೆಯನ್ನು ಮಾವಶಿ ಎನ್ನುತ್ತಿದ್ದರು, ಚಿಕ್ಕಮ್ಮ ಎಂದ ಹಾಗೆ. ಅಲ್ಲಿ ದೀಪವಿಲ್ಲ, ಫೋಟೋ ಇಲ್ಲ, ಭಜನೆ ಇಲ್ಲ. ಪ್ರತಿ ಗುರುವಾರ ಮಧ್ಯಾಹ್ನ ಮೂರಕ್ಕೆ ಒಂದು ಸೊಸೈಟಿಯ ಕೆಳಗಿನ ಹಾಲ್‌ನಲ್ಲಿ ಕುರ್ಚಿಗಳನ್ನು ಗುಂಡಗೆ ಹಾಕಿ ಕೂರುವುದು. ಮನೆಯಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡ ಒಂದು ಮಾತನ್ನು ಒಬ್ಬೊಬ್ಬರಾಗಿ ಹೇಳುವುದು. ಯಾರೂ ಉತ್ತರ ಕೊಡಬಾರದು, ಬುದ್ಧಿ ಹೇಳಬಾರದು. ದೇವರು ಎಂದರೆ ಉತ್ತರ ಕೊಡದೆ ಕೇಳಿಸಿಕೊಳ್ಳುವವನು, ಅದನ್ನು ನಾವು ಒಬ್ಬರಿಗೊಬ್ಬರು ಮಾಡಬೇಕು ಎಂದು ಮಾವಶಿ ಹೇಳುತ್ತಿದ್ದಳು. ಕೊನೆಗೆ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಚಹಾ ಕುಡಿದು ಹೋಗುವುದು.

ನನಗೆ ಆ ಕುರ್ಚಿಯಲ್ಲಿ ಕೂರುವುದೆಂದರೆ ಜೀವ ಹೋಗುತ್ತಿತ್ತು. ನನ್ನ ಸರದಿ ಬರುತ್ತದಲ್ಲ. ಅದಕ್ಕೆ ಮೊದಲ ವಾರವೇ ಚಹಾ ಮಾಡುವ, ಲೋಟ ತೊಳೆಯುವ ಕೆಲಸ ಹಿಡಿದುಕೊಂಡೆ. ಅಡಿಗೆಯ ಕಟ್ಟೆಗೂ ಹಾಲ್‌ಗೂ ನಡುವೆ ಒಂದು ಕಿಟಕಿ ಇತ್ತು, ಎಲ್ಲ ಕೇಳುತ್ತಿತ್ತು. ಅಲ್ಲಿನ ಸ್ಟೀಲ್ ಲೋಟಗಳನ್ನು ಉಡುಪಿಯ ಕಡೆಯ ಒಬ್ಬ ಹೆಂಗಸು ತಂದುಕೊಟ್ಟಿದ್ದಳು. ಅವಳ ಗಂಡನದು ಗ್ರಾಂಟ್ ರೋಡಿನಲ್ಲಿ ಹೋಟೆಲು. ನಾನು ಲೋಟ ತೊಳೆದು, ನೀರು ಬಸಿಯಲೆಂದು ಟೇಬಲ್ಲಿನ ಮೇಲೆ ಬೋರಲು ಹಾಕುತ್ತಿದ್ದೆ, ನಮ್ಮ ಮಾತಿನಲ್ಲಿ ಡಬ್ಬ. ಅಷ್ಟೇ. ಅದರಲ್ಲಿ ದೇವರೂ ಇರಲಿಲ್ಲ, ಏನೂ ಇರಲಿಲ್ಲ.

ಪುಸ್ತಕ ಬಂದು ಎರಡು ಮೂರು ವಾರವಾಗಿರಬೇಕು. ಸಭೆ ಮುಗಿಸಿ ಮುಲುಂಡ್‌ನಿಂದ ಸ್ಲೋ ಗಾಡಿ ಹಿಡಿದಿದ್ದೆವು. ಕುರ್ಲಾದಲ್ಲಿ ಇಳಿದು ಚೆಂಬೂರಿಗೆ ಬದಲಾಯಿಸಬೇಕು. ಭಾಂಡುಪ್ ದಾಟುವ ಹೊತ್ತಿಗೆ ನಾನು ಹೇಳುವುದೆಲ್ಲ ಮುಗಿದಿತ್ತು. ಅವಳು ಪೆನ್ಸಿಲನ್ನು ಹಲ್ಲಿಗೆ ತಾಗಿಸಿಕೊಂಡು ಕೇಳಿದಳು.

"ಅಲ್ರಿ ವೈನಿ, ಬಾಯಿ ಬಿಡಲಾರದವ್ರೂ ಇರ್ತಾರಲ್ಲ, ಅವ್ರಿಗೆ ಅಲ್ಲಿ ಏನು? ಚಾ ಕುಡಿಯೂವಾಗ ಮಂದಿ ಕೆದಕಿ ಕೆದಕಿ ಕೇಳ್ತಾರಲ್ಲ, ಆವಾಗ ಅವ್ರು ಏನ್ ಮಾಡ್ತಾರ?"

"ನನಗ ಗೊತ್ತಿಲ್ಲವಾ."

"ನೀವು ಇವತ್ತ ಏನೂ ನೋಡೇ ಇಲ್ಲ ಬಿಡ್ರಿ. ಚಾದಾಗ ಮುಳುಗಿದ್ರಿ" ಎಂದು ನಕ್ಕಳು.

ಅವಳು ಚೇಷ್ಟೆಗೆ ಅಂದದ್ದು. ಆದರೆ ಆ ಚಹಾದ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಇವಳು ಇಷ್ಟು ಓದಿದವಳು, ನಾನು ನೋಡಿದ್ದನ್ನು ಇವಳು ನೋಡಿಲ್ಲ ಎಂಬಂಥದ್ದೊಂದು ನನ್ನ ಹತ್ತಿರ ಇರಬೇಕು ಎನಿಸಿತು. ಕಿಟಕಿಯ ಕಡೆ ತಿರುಗಿದೆ.

"ನೋಡೀನಿ. ಮಾತಾಡಲಾರದವ್ರು ಚಾ ಕುಡುದು ಲೋಟ ಡಬ್ಬ ಹಾಕ್ತಾರ."

"ಡಬ್ಬ ಹಾಕ್ತಾರ? ಅಂದ್ರ?"

"ಅಂದ್ರ ಆಕಿ ತನ್ನ ಮಾತು ದೇವ್ರ ಹತ್ರ ಇಟ್ಟಾಳ ಅಂತ. ಲೋಟ ಡಬ್ಬ ಇದ್ರ ಆಕೀನ್ನ ಯಾರೂ ಏನೂ ಕೇಳಬಾರ್ದು."

ಎಲ್ಲಿಂದ ಬಂತೋ ಆ ಮಾತು. ಗಾಡಿ ಕಾಂಜೂರಿನಲ್ಲಿ ನಿಂತಿತ್ತು. ಅವಳ ಪೆನ್ಸಿಲ್ ಎಷ್ಟು ವೇಗವಾಗಿ ಓಡಿತೆಂದರೆ ಮೊನೆ ಮುರಿಯಿತು. ನನ್ನ ಕೈ ಹಿಡಿದುಕೊಂಡು, "ವೈನಿ, ನಿಮಗ ಗೊತ್ತಿಲ್ಲ, ಇದು ಎಂಥಾದ್ದು ಅಂತ" ಎಂದಳು. ಆ ಕೈಯನ್ನು ಕುರ್ಲಾ ಬರುವವರೆಗೆ ಬಿಡಲಿಲ್ಲ. ಅಷ್ಟು ಹೊತ್ತು ನನಗೆ ಸುಖವಾಗಿತ್ತು.

ಅವಳು ಕೆಲಸದಲ್ಲಿ ಕಟ್ಟುನಿಟ್ಟು. ಒಂದು ಸಂಗತಿ ಎರಡು ಬಾಯಿಂದ ಬರದೆ ಪುಸ್ತಕಕ್ಕೆ ಹೋಗಬಾರದು ಎಂಬುದು ಅವಳ ನೇಮ. ಮುಂದಿನ ಗುರುವಾರ ಲೋಟ ಕೊಟ್ಟ ಉಡುಪಿಯ ಹೆಂಗಸನ್ನು ಕೇಳಿದಳು. ನಾನು ಕಿಟಕಿಯ ಈ ಕಡೆ ಲೋಟ ತೊಳೆಯುವ ನಲ್ಲಿ ನಿಲ್ಲಿಸಿ ಕೇಳುತ್ತಿದ್ದೆ.

"ಅಕ್ಕಾ, ಮಾತಾಡ್ಲಾರ್ದವ್ರು ಲೋಟ ಬೋರಲು ಹಾಕೋದು ಇದೆಯಲ್ಲ, ಅವರನ್ನ ಯಾರೂ ಕೇಳಬಾರದು ಅಂತ. ಅದು ಮೊದಲಿಂದ ಉಂಟಾ?"

ಆ ಹೆಂಗಸು ಕೈಯಲ್ಲಿದ್ದ ಲೋಟವನ್ನು ತಿರುಗಿಸಿ ನೋಡಿದಳು. ಲೋಟ ತಂದುಕೊಟ್ಟವಳೇ ತಾನು. ಲೋಟದ ವಿಷಯ ತನಗೇ ಗೊತ್ತಿಲ್ಲ ಎಂದು ಹೇಗೆ ಹೇಳುತ್ತಾಳೆ?

"ಹೌದು ಮಾರಾಯ್ತಿ, ಉಂಟಲ್ಲ. ಶುರುವಿಂದಲೇ ಉಂಟು. ಅದಕ್ಕೇ ನಾನು ಸ್ಟೀಲಿಂದೇ ತಂದದ್ದು, ಕಪ್ಪು ಬಸಿ ಆದ್ರೆ ಬೋರಲು ಕೂರುದಿಲ್ಲ" ಎಂದಳು.

ಎರಡು ಬಾಯಿ ಆಯಿತು. ಟೇಬಲ್ಲಿನ ಮೇಲೆ ನಾನು ಹಾಕಿದ್ದ ಬೋರಲು ಲೋಟಗಳನ್ನು ಅವಳು ಕಣ್ಣಾರೆ ಕಂಡೂ ಇದ್ದಳು.

ಆ ಲೋಟದಿಂದ ನಾದಿನಿ ಎಲ್ಲಿಗೋ ಹೋದಳು. ಮೊದಲು ಒಂದು ಲೇಖನ. ಆಮೇಲೆ ಎರಡನೆಯ ಪುಸ್ತಕದ ದೊಡ್ಡ ಅಧ್ಯಾಯ. ಶಾಸ್ತ್ರವಿಲ್ಲ, ಪುರೋಹಿತರಿಲ್ಲ, ಆದರೂ ಬಡ ಹೆಂಗಸರು ತಮ್ಮ ಮೌನಕ್ಕೆ ತಾವೇ ಒಂದು ವಿಧಿ ಮಾಡಿಕೊಂಡಿದ್ದಾರೆ ಎಂದು ಅವಳು ಬರೆದಿದ್ದಳಂತೆ. ಹೊರದೇಶದಿಂದ ಕರೆ ಬಂತು. ಅಲ್ಲಿ ಯೂನಿವರ್ಸಿಟಿಗಳಲ್ಲಿ ಅದನ್ನು ಪಾಠಕ್ಕೆ ಇಟ್ಟರಂತೆ. ಪ್ರೊಫೆಸರ್ ಆದಳು, ವಿಭಾಗದ ಮುಖ್ಯಸ್ಥೆ ಆದಳು, ಅಷ್ಟರಲ್ಲಿ ಬೇರೆ ಫ್ಲ್ಯಾಟ್ ತೆಗೆದುಕೊಂಡು ಹೋದಳು. ಮದುವೆಯಾಗಲಿಲ್ಲ. ನಿಮ್ಮ ಅಜ್ಜ ಪೇಪರಿನಲ್ಲಿ ಅವಳ ವಿಷಯ ಬಂದಾಗಲೆಲ್ಲ ಕತ್ತರಿಸಿ ಫೈಲಿನಲ್ಲಿ ಇಡುತ್ತಿದ್ದರು.

"ನೋಡ ಆಕೀನ್ನ. ಒಂದ ಲೋಟದಾಗ ಎಷ್ಟ ಅರ್ಥ ಹುಡುಕ್ಯಾಳ" ಎಂದು ನನಗೇ ಹೇಳುತ್ತಿದ್ದರು.

ಆಗ ನನಗೆ ಆಗುತ್ತಿದ್ದ ಸಂಕಟ ಎರಡು ಬಗೆಯದು. ಪಾಪದ್ದು ಒಂದು, ಸಣ್ಣದು. ದೊಡ್ಡದು ಬೇರೆ. ಆ ಅರ್ಥ ಹುಡುಕಿದವಳು ಅವಳಲ್ಲ. ಅದನ್ನು ಕಟ್ಟಿದವಳು ನಾನು, ಕಾಂಜೂರು ಸ್ಟೇಷನ್ನಿನಲ್ಲಿ ಗಾಡಿ ನಿಂತಷ್ಟು ಹೊತ್ತಿನಲ್ಲಿ. ಅಷ್ಟು ಜನ ಓದಿದವರು ಹೊಗಳಿದ್ದು ನನ್ನ ಮಾತನ್ನು. ಅದು ನನ್ನದು ಎಂದು ಹೇಳಬೇಕೆಂದರೆ ಅದು ಸುಳ್ಳು ಎಂದೂ ಹೇಳಬೇಕಿತ್ತು. ಹೀಗೆ ಬಾಯಿ ಕಟ್ಟಿಹೋಯಿತು. ಅವಳು ವಿಮಾನ ಹತ್ತಿದಾಗಲೆಲ್ಲ, ಅವಳು ಹೋಗುತ್ತಿರುವುದು ನನ್ನ ಟಿಕೆಟ್ಟಿನ ಮೇಲೆ ಎನಿಸುತ್ತಿತ್ತು. ಅಲ್ಲಿಂದ ನನಗೆ ಒಂದು ಸ್ವೆಟರ್ ತಂದಳು. ಮುಂಬಯಿಯಲ್ಲಿ ಸ್ವೆಟರ್ ಹಾಕಿಕೊಳ್ಳುವುದು ಯಾವಾಗ?

ನಿಮ್ಮ ಅಜ್ಜ ಕಾಯಿಲೆ ಬಿದ್ದಾಗ ಅವಳು ರಜೆ ಹಾಕಿ ಬಂದಳು. ದಿನವೂ ಅವರ ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದಳು. ನಾನು ಗಂಜಿ ತೆಗೆದುಕೊಂಡು ಹೋದರೆ, "ಸ್ವಲ್ಪ ತಡೀ, ಆಕಿ ಓದಾಕತ್ತಾಳ" ಎನ್ನುತ್ತಿದ್ದರು. ಹಾಗೆ ಗಂಜಿ ಆರುತ್ತಿತ್ತು. ಅವರಿಗೆ ಒಮ್ಮೆ ಹೇಳಿಬಿಡಬೇಕು, ಆ ಲೋಟ ನನ್ನದು ಎಂದು ಅವರಾದರೂ ತಿಳಿಯಬೇಕು ಎಂದು ಎಷ್ಟೋ ಸಲ ಬಾಗಿಲಿನವರೆಗೆ ಹೋದೆ. ಅವರು ಹೋಗಿಬಿಟ್ಟರು. ಅವರ ಮನಸ್ಸಿನಲ್ಲಿ ನಾನು ಕೊನೆಯವರೆಗೂ ಏನೂ ತಿಳಿಯದವಳು.

ಆಮೇಲೆ ನಾನು ನಿಮ್ಮ ಅಪ್ಪನ ಜೊತೆ ಮುಲುಂಡ್‌ಗೆ ಬಂದೆ. ಆ ಸಭೆಯ ಹಾಲ್ ನಮ್ಮ ಬಿಲ್ಡಿಂಗಿನಿಂದ ಹತ್ತು ನಿಮಿಷದ ದಾರಿ. ವರ್ಷಗಟ್ಟಲೆ ಆ ಕಡೆ ಹೋಗಿರಲಿಲ್ಲ. ಒಂದು ಗುರುವಾರ ಹೋದೆ. ಯಾರಿಗಾಗಿಯೂ ಕೇಳಿಸಿಕೊಳ್ಳಲು ಅಲ್ಲ. ಬರಿಯ ಹಣೆಯಲ್ಲಿ ನನಗಾಗಿ ಹೋಗಿ ಕುರ್ಚಿಯಲ್ಲಿ ಕೂತೆ. ಮಾವಶಿಗೆ ಈಗ ತುಂಬ ವಯಸ್ಸು, ಕಿವಿ ಮಂದ. ಜನ ಹೊಸಬರು. ನನ್ನ ಸರದಿ ಬಂದಾಗ ತಲೆ ಅಲ್ಲಾಡಿಸಿದೆ, ಸರದಿ ಪಕ್ಕದವಳಿಗೆ ಹೋಯಿತು. ಪಕ್ಕದವಳು ಒಬ್ಬ ಹುಡುಗಿ, ನಿಮ್ಮ ಅಮ್ಮನಿಗಿಂತ ಚಿಕ್ಕವಳು. ಕಣ್ಣು ಬಾತುಕೊಂಡಿದ್ದವು. ಅವಳೂ ತಲೆ ಅಲ್ಲಾಡಿಸಿದಳು.

ಚಹಾ ಬಂತು. ಆ ಹುಡುಗಿ ಕುಡಿದು, ಖಾಲಿ ಲೋಟವನ್ನು ತನ್ನ ಕಾಲ ಹತ್ತಿರ ನೆಲದ ಮೇಲೆ ಬೋರಲು ಇಟ್ಟಳು. ಏನೋ ಕೇಳಲು ಬಂದ ಇಬ್ಬರು ಹೆಂಗಸರು ಲೋಟ ನೋಡಿ, ಅವಳ ಭುಜ ಮುಟ್ಟಿ, ಸುಮ್ಮನೆ ಮುಂದೆ ಹೋದರು.

ನನ್ನ ಲೋಟವನ್ನು ಕೆಳಗಿಟ್ಟೆ. ಇನ್ನೊಂದು ಪಕ್ಕದಲ್ಲಿದ್ದವಳನ್ನು ಕೇಳಿದೆ, ಇದೇನು ಎಂದು.

"ತುಮ್ಹಿ ನವೀನ್ ಕಾ? ಹೊಸಬರಾ? ಇದು ಇಲ್ಲಿಯ ಪದ್ಧತಿ. ಪ್ರೊಫೆಸರ್ ಮ್ಯಾಡಮ್ ಬುಕ್ಕಿನಲ್ಲಿ ಕೂಡ ಬಂದಿದೆ" ಎಂದಳು. ಯಾರದೋ ಮಗಳು ಕಾಲೇಜಿನಲ್ಲಿ ಓದಿ ಬಂದು ಹೇಳಿದ್ದಳಂತೆ, ನಾವು ಮರೆತುಬಿಟ್ಟಿದ್ದೇವೆ, ನಮ್ಮ ಹಿರಿಯರು ಮಾಡುತ್ತಿದ್ದರು ಎಂದು. ವಾಟ್ಸ್ಯಾಪ್ ಗ್ರೂಪಿನಲ್ಲಿ ಎಲ್ಲರಿಗೂ ಹೋಯಿತು. ಮಾವಶಿಯನ್ನೇ ಕೇಳಿದರೆ, ಹೌದು ಹೌದು, ಮೊದಲಿನಿಂದ ಇದೆ ಎನ್ನುತ್ತಾಳೆ. ಠಾಣೆಯಲ್ಲಿ, ಡೊಂಬಿವಲಿಯಲ್ಲಿ ಹೊಸ ಸಭೆಗಳಾಗಿವೆ, ಅಲ್ಲಿಯೂ ಇದೇ.

ನನಗೆ ಅಳು ಬರಬೇಕಾಗಿತ್ತು. ಆದರೆ ಮೊದಲು ಬಂದದ್ದು ಸಿಟ್ಟು. ಪ್ರೊಫೆಸರ್ ಮ್ಯಾಡಮ್ ಬುಕ್ಕಂತೆ. ಮುಂದಿನ ಎಷ್ಟೋ ಗುರುವಾರ ಹೋದೆ, ಒಂದು ದಿನವೂ ಮಾತನಾಡಲಿಲ್ಲ. ಆದರೆ ಲೋಟ ಬೋರಲು ಹಾಕಲು ಮಾತ್ರ ನನಗೆ ಕೈ ಬರಲಿಲ್ಲ. ಎಲ್ಲರೂ ಬಂದು, "ಅಜ್ಜಿ, ಕ್ಯಾ ಹುವಾ, ಬತಾವೋ ನಾ, ಏನಾಯಿತು ಹೇಳಿ" ಎಂದು ಕೇಳುತ್ತಿದ್ದರು. ನಾನು ಕೇಳಿಸಿಕೊಂಡು ಕೂರುತ್ತಿದ್ದೆ.

ಎರಡು ವರ್ಷದ ಹಿಂದೆ ನಾದಿನಿ ನಿವೃತ್ತಳಾದಳು. ಒಂದು ದಿನ ಫೋನ್ ಮಾಡಿದಳು.

"ವೈನಿ, ನನ್ನ ಎರಡನೇ ಪುಸ್ತಕ, ಆ ಲೋಟದ್ದು, ಕನ್ನಡದಾಗ ಬರ್ತೈತಿ. ಇನ್ನ ನೀವ ಓದಬಹುದು. ನೀವು ಓದಬೇಕು ಅಂತನ ನಾ ಒಪ್ಪೀನಿ."

ಆ ರಾತ್ರಿ ನಾನು ಊಟ ಮಾಡಲಿಲ್ಲ, ನಿಮ್ಮ ಅಮ್ಮ ಬೈದಳು. ಅಲ್ಲಿಯವರೆಗೆ ಆ ಸುಳ್ಳು ಇಂಗ್ಲಿಷಿನಲ್ಲಿತ್ತು. ನನಗೆ ಬಾರದ ಭಾಷೆಯಲ್ಲಿ, ನನಗೆ ಗೊತ್ತಿಲ್ಲದ ಜನರ ನಡುವೆ ಇತ್ತು. ಈಗ ಅದು ನಾನು ಓದುವ ಅಕ್ಷರದಲ್ಲಿ ನನ್ನ ಮಡಿಲಿಗೆ ಬಂದು ಬೀಳುತ್ತದೆ. ಓದಿ ಹೇಗಿತ್ತು ಎಂದು ಅವಳು ಕೇಳುತ್ತಾಳೆ. ನಾನು ಚೆನ್ನಾಗಿದೆ ಎನ್ನಬೇಕು. ಹಾಗೆಂದರೆ ಎರಡನೆಯ ಸಲ ಸುಳ್ಳು ಹೇಳಿದ ಹಾಗೆ. ನಿಜ ಹೇಳಿದರೆ ಅವಳ ಜೀವಮಾನದ ಹೆಸರು ಹೋಗುತ್ತದೆ. ನಿಮಗೆ ಖರೆ ಹೇಳಬೇಕೆಂದರೆ, ಹೋಗಲಿ ಎಂದು ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು. ನನಗೆ ಹೆದರಿಕೆ ಇದ್ದದ್ದು ಆ ಮೂಲೆಯದೇ. ನಾನು ನಿಜ ಹೇಳಲು ಹೋಗುತ್ತಿರುವುದು ನಿಜಕ್ಕಾಗಿಯೋ ಅವಳು ಬೀಳುವುದನ್ನು ನೋಡುವುದಕ್ಕೋ, ನನಗೇ ಬಗೆಹರಿಯಲಿಲ್ಲ. ಇವತ್ತಿಗೂ ಬಗೆಹರಿದಿಲ್ಲ. ಬಗೆಹರಿಯದೆಯೇ ಹೋದೆ.

ಬೆಳಿಗ್ಗೆ ಹನ್ನೊಂದು ಗಂಟೆ. ಅವಳು ಚೆಂಬೂರಿನ ತನ್ನ ಫ್ಲ್ಯಾಟಿನಲ್ಲಿ ಅಚ್ಚಿನ ಹಾಳೆ ತಿದ್ದುತ್ತ ಕೂತಿದ್ದಳು. ನಾನು ಬಾಲ್ಕನಿಯ ಕಡೆ ಮುಖ ಮಾಡಿ ನಿಂತು, ಗೋಡೆಗೆ ಪಾಠ ಒಪ್ಪಿಸಿದ ಹಾಗೆ ಎಲ್ಲ ಹೇಳಿದೆ. ಕಾಂಜೂರು ಸ್ಟೇಷನ್ನಿನಿಂದ ಶುರುಮಾಡಿ. ಹೇಳಿ ಮುಗಿಸಿ ತಿರುಗಿದಾಗ ಅವಳು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದಳು.

"ಯಾರೂ ಡಬ್ಬ ಹಾಕ್ತಿದ್ದಿಲ್ಲ?"

"ನಾನ ಹಾಕ್ತಿದ್ದೆ. ನೀರು ಬಸೀಲಿ ಅಂತ."

ಅವಳು ಅಚ್ಚಿನ ಹಾಳೆಗಳನ್ನು ಒಟ್ಟುಮಾಡಿ ಬದಿಗಿಟ್ಟಳು. ಕೆಳಗೆ ಕಾಯಿಪಲ್ಲೆ ಮಾರುವವನು ಕೂಗಿಕೊಂಡು ಹೋದ.

"ಇಪ್ಪತ್ತ ವರ್ಷ, ವೈನಿ. ನಾನು ಎಷ್ಟ ದೇಶದಾಗ ಇದನ್ನ ನಿಂತು ಹೇಳೀನಿ. ಎಷ್ಟ ಹುಡುಗೂರು ಇದನ್ನ ಬರದು ಪಾಸಾಗ್ಯಾರ. ಯಾಕ ಹೇಳಿದ್ರಿ?"

"ಹೊಟ್ಟಿಕಿಚ್ಚಿಗೆ."

"ಯಾರ ಮ್ಯಾಲೆ?"

"ಇಲ್ಲೆ ಮತ್ಯಾರು ಅದಾರ?"

ಅವಳು ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು. ನಾನು ಹೋಗಬೇಕೋ ಇರಬೇಕೋ ತಿಳಿಯದೆ ಚಪ್ಪಲಿ ಮೆಟ್ಟಿಕೊಂಡು, ಮತ್ತೆ ಬಿಟ್ಟು, ಕೂತೆ. ಅವಳು ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು. ಕೈಯಲ್ಲಿ ನೋಟ್‌ಬುಕ್ ಇತ್ತು.

"ಮತ್ತೊಮ್ಮೆ ಹೇಳ್ರಿ. ಮೊದಲಿಂದ. ಈಗ ಆ ಹಾಲ್‌ನ್ಯಾಗ ಏನ್ ಮಾಡ್ತಾರ, ಅದನ್ನೂ."

ಮಕ್ಕಳೇ, ನಾನು ಅವಳನ್ನು ಮುಗಿಸಿಬಿಟ್ಟೆ ಎಂದುಕೊಂಡಿದ್ದೆ. ಅವಳು ಬರೆದುಕೊಳ್ಳುತ್ತಿದ್ದಳು. ನನ್ನ ಪಾಪವೂ ಅವಳಿಗೆ ಒಂದು ಅಧ್ಯಾಯವಾಗುತ್ತಿತ್ತು.

ಕನ್ನಡ ಪುಸ್ತಕ ಆರು ತಿಂಗಳು ತಡವಾಗಿ ಬಂತು. ಅದರಲ್ಲಿ ಹೊಸದಾಗಿ ಹದಿನೆಂಟು ಪುಟ ಸೇರಿಸಿದ್ದಳು. ನಾನೇ ಓದಿದೆ. ತಪ್ಪು ತನ್ನದು, ಉತ್ತರವನ್ನು ತಾನೇ ಬಾಯಿಗಿಟ್ಟು ಪ್ರಶ್ನೆ ಕೇಳಿದೆ, ಉಡುಪಿಯ ಆ ಹೆಂಗಸು ಬೇರೇನು ಹೇಳಬೇಕಿತ್ತು ಎಂದು ಬರೆದಿದ್ದಳು. ತನ್ನ ಎಲ್ಲ ತಿರುಗಾಟಗಳಲ್ಲಿ ಕಿವಿಯಾಗಿದ್ದವರು ತನ್ನ ವೈನಿ, ಅದನ್ನು ಹೇಳದೆ ಹಿಂದಿನ ಪುಸ್ತಕದಲ್ಲಿ ಚಹಾದ ಮಾತು ಬರೆದದ್ದು ಮೊದಲ ತಪ್ಪು, ಲೋಟ ಎರಡನೆಯದು ಎಂದೂ ಬರೆದಿದ್ದಳು. ಒಬ್ಬ ನಾಚಿಕೆಯ ಹೆಂಗಸು ತನಗೆ ಬೇಕಾಗಿದ್ದುದನ್ನು ಇದ್ದದ್ದೆಂದು ಹೇಳಿದಳು, ಈಗ ಅದು ಇದೆ, ಹೊಸ ಪಂಥಗಳು ಹುಟ್ಟುವುದು ಹೀಗೆಯೇ ಇರಬಹುದು ಎಂದು ಕೊನೆಗೆ.

ಓದಿ ಪುಸ್ತಕ ಮುಚ್ಚಿದೆ. ಬೇಕಾಗಿದ್ದುದು ಎಂಬ ಮಾತು ನನಗೇ ಹೊಳೆದಿರಲಿಲ್ಲ. ಅದನ್ನೂ ಅವಳೇ ನೋಡಿದಳಲ್ಲ ಎಂದು ಮತ್ತೆ ಉರಿಯಿತು.

ಅವಳ ಹೆಸರು ಹೋಗಲಿಲ್ಲ. ಒಂದಿಬ್ಬರು ಪಂಡಿತರು ಪೇಪರಿನಲ್ಲಿ ಬೈದರು, ಒಂದು ಕಡೆ ಕರೆದಿದ್ದ ಭಾಷಣವನ್ನು ರದ್ದು ಮಾಡಿದರು. ಅದನ್ನು ಅವಳು ನನಗೆ ಹೇಳಲಿಲ್ಲ, ನಿಮ್ಮ ಅಪ್ಪ ಹೇಳಿದ. ಉಳಿದವರೆಲ್ಲ ಮೊದಲಿಗಿಂತ ಹೆಚ್ಚು ಹೊಗಳಿದರು. ತನ್ನ ತಪ್ಪನ್ನು ತಾನೇ ಬರೆದವಳು, ಎಂಥ ಪ್ರಾಮಾಣಿಕತೆ ಎಂದರು. ಪುಸ್ತಕ ಬಿಡುಗಡೆಗೆ ಇಲ್ಲಿಯ ಕನ್ನಡದವರು ಒಂದು ಸಭಾಗೃಹದಲ್ಲಿ ಸೇರಿದ್ದರು. ನೀವಿಬ್ಬರೂ ಬಂದಿದ್ದಿರಿ, ಎರಡನೆಯ ಭಾಷಣಕ್ಕೆ ನಿದ್ದೆ ಹೋಗಿದ್ದಿರಿ. ನಾನು ಮೂರನೆಯ ಸಾಲಿನಲ್ಲಿದ್ದೆ. ವೇದಿಕೆಯ ಮೇಲೆ ಅವಳು ಆ ಹದಿನೆಂಟು ಪುಟಗಳ ಸಂಗತಿ ಹೇಳಿದಳು. ಕೊನೆಗೆ, "ಆ ನನ್ನ ವೈನಿ ಇಲ್ಲೇ ಇದ್ದಾರೆ. ಒಂದು ಸಲ ಎದ್ದು ನಿಲ್ಲಬೇಕು ಅಂತ ಕೇಳಿಕೊಳ್ತೀನಿ" ಎಂದಳು.

ಜನ ಚಪ್ಪಾಳೆ ತಟ್ಟಲು ಶುರುಮಾಡಿದರು, ತಿರುಗಿ ತಿರುಗಿ ನೋಡಿದರು. ನಿಮ್ಮ ಅಪ್ಪ ನನ್ನ ಮೊಣಕೈ ಮುಟ್ಟಿದ. ನಾನು ಏಳಲಿಲ್ಲ. ಪಾಪ, ನಾಚಿಕೆ ಎಂದು ಹಿಂದಿನ ಸಾಲಿನವಳು ಯಾರಿಗೋ ಹೇಳಿದ್ದು ಕೇಳಿಸಿತು. ಅವತ್ತು ನನಗೆ ನಾಚಿಕೆ ಆಗಿರಲಿಲ್ಲ.

ಮುಗಿದ ಮೇಲೆ ಉಪ್ಪಿಟ್ಟು, ಶಿರಾ ಇಟ್ಟಿದ್ದರು. ಅವಳು ಹಾರ ತೆಗೆದಿಟ್ಟು, ಎರಡು ತಟ್ಟೆ ಹಿಡಿದುಕೊಂಡು ನನ್ನ ಪಕ್ಕದ ಕುರ್ಚಿಗೆ ಬಂದಳು.

"ಯಾಕ ಏಳಲಿಲ್ಲ ವೈನಿ? ನಾ ಅಷ್ಟ ಕೇಳಕೊಂಡೆ."

"ನಾ ಎದ್ದಿದ್ರ ಆ ಚಪ್ಪಾಳಿನೂ ನಿನಗ ಬೀಳ್ತಿತ್ತು" ಎಂದೆ.

ಅವಳು ನಗಲು ಶುರುಮಾಡಿದಳು. ತಟ್ಟೆಯಲ್ಲಿದ್ದ ಉಪ್ಪಿಟ್ಟು ಸೀರೆಯ ಮೇಲೆ ಬೀಳುವ ಹಾಗೆ ನಕ್ಕಳು. ನನಗೂ ನಗು ಬಂತು, ತಡೆಯಲು ಆಗಲಿಲ್ಲ. ನಗು ನಿಂತ ಮೇಲೆ ಅವಳು ಕಣ್ಣೊರೆಸಿಕೊಂಡು, "ಖರೆ ಐತ್ರಿ. ನನಗ ಬೀಳ್ತಿತ್ತು" ಎಂದಳು. ಹಾಗೆಯೇ ಇಬ್ಬರೂ ತಿನ್ನುತ್ತ ಕೂತೆವು. ನನ್ನ ಶಿರಾದಲ್ಲಿದ್ದ ಗೋಡಂಬಿಯನ್ನು ಅವಳು ಕೇಳದೆಯೇ ತೆಗೆದುಕೊಂಡಳು.

ಅಷ್ಟರಲ್ಲಿ ಯಾರೋ, "ಮ್ಯಾಡಮ್, ಒಂದು ಫೋಟೋ" ಎಂದು ಕರೆದರು. ಅವಳು ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಎದ್ದಳು. ಐದಾರು ಜನ ಅವಳ ಸುತ್ತ ನಿಂತರು, ಒಬ್ಬಳು ಅವಳ ತೋಳು ಹಿಡಿದುಕೊಂಡಳು. ಇನ್ನೂ ಸ್ವಲ್ಪ ಹೊತ್ತು ಕೂತಿರಬಾರದಿತ್ತೇ ಎನಿಸಿತು. ಅವಳ ತೋಳು ಹಿಡಿದಿದ್ದ ಆ ಹೆಂಗಸು ಯಾರೋ ನನಗೆ ಗೊತ್ತಿಲ್ಲ. ಅವಳು ನ‍ನಗೆ ಸ್ವಲ್ಪವೂ ಹಿಡಿಸಲಿಲ್ಲ.